ಬೆರಳಿಟ್ಟು ತೋರಿಸಲಿ

ಮಕ್ಕಳ ಮುಂದೆ ನಿಂತು ‘ಈ ಪದ್ಯದ ಬಗ್ಗೆ ನಿಮ್ಮ ಅನಿಸಿಕೆ ಬರೀರಿ’ ಅಂತ ಹೇಳಿ ಕುರ್ಚಿ ಎಳೆದು ಕೂತುಬಿಡಬೇಡ ಕಣಮ್ಮ. ಏನು ಬರುತ್ತೆ ಅನ್ನೋದು ನಿನಗೇ ಗೊತ್ತು. ‘ಈ ಪದ್ಯವು ತುಂಬಾ ಚೆನ್ನಾಗಿದೆ. ಕವಿಗಳು ಪ್ರಕೃತಿಯನ್ನು ಸೊಗಸಾಗಿ ವರ್ಣಿಸಿದ್ದಾರೆ. ನಾವು ಪ್ರಕೃತಿಯನ್ನು ಕಾಪಾಡಬೇಕು.’ ತರಗತಿಯ ಅಷ್ಟೂ ನೋಟ್ಸ್ ಪುಸ್ತಕದಲ್ಲಿ ಇದೇ ಮೂರು ವಾಕ್ಯ, ಕೈಬರಹ ಮಾತ್ರ ಬೇರೆ ಬೇರೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ‘ಈಗಿನ ಮಕ್ಕಳಿಗೆ ಸ್ವಂತ ಬುದ್ಧಿನೇ ಇಲ್ಲ’ ಅಂತ ಗೊಣಗೋರ ಸಾಲಿಗೆ ನೀನೂ ಸೇರಿಕೋತೀಯ.

ನನ್ನ ಹತ್ತಿರ ಓದಿದವಳು ನೀನು. ಈಗ ನಮ್ಮ ದಂಡಿನಶಿವರದ ಕಡೆಗೇ ಕನ್ನಡ ಹೇಳಿಕೊಡೋಕೆ ಬಂದಿದ್ದೀಯ. ಆ ಸಲಿಗೆಯಿಂದ ಒಂದು ಮಾತು ಹೇಳ್ತೀನಿ. ಇಡೀ ಪದ್ಯದ ಮೇಲೆ ಅನಿಸಿಕೆ ಕೇಳಬೇಡ, ಒಂದು ಜಾಗ ಕೇಳು. ‘ಓದ್ತಾ ಓದ್ತಾ ನೀನು ಎಲ್ಲಿ ನಿಂತೆ? ಆ ಸಾಲಿನ ಮೇಲೆ ಬೆರಳಿಡು.’ ನಿಂತದ್ದಕ್ಕೆ ಕಾರಣ ಏನೇ ಇರಲಿ. ಅರ್ಥ ಆಗಲಿಲ್ಲ, ನಗು ಬಂತು, ಇದು ಸುಳ್ಳು ಅನ್ನಿಸ್ತು, ನಮ್ಮಜ್ಜಿ ನೆನಪಾದಳು, ಎಲ್ಲಾನೂ ಸರಿ. ‘ಚೆನ್ನಾಗಿದೆ’ ಅನ್ನೋ ಮಾತಿಗೆ ಬೆರಳಿಡೋಕೆ ಜಾಗ ಇರಲ್ಲ. ಅದಕ್ಕೇ ಅದನ್ನ ಪದ್ಯ ಓದದೆಯೂ ಬರೀಬಹುದು. ಬೆರಳು ಇಟ್ಟಮೇಲೆ ಮಾತ್ರ ಓದಲೇಬೇಕು.

ಬೆರಳಿಡೋ ತನಕ ನೀನು ಸುಮ್ಮನಿರಬೇಕು. ಮೇಷ್ಟರಾದವರಿಗೆ ಇದೇ ಕಷ್ಟ. ನಮಗೆ ಗೊತ್ತಿದೆಯಲ್ಲ, ಹೇಳಿಬಿಡೋಣ ಅಂತ ನಾಲಿಗೆ ತುರಿಸುತ್ತೆ. ತಿಪಟೂರು ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ: ಅಟ್ಟದ ಮೇಲಿನ ಕಾಯಿ ಒಳಗೇ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡೋವರೆಗೆ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ. ಮುಂಚೆ ಒಡೆದರೆ ಉಂಡೆ ಕೊಬ್ಬರಿ ಸಿಗಲ್ಲ. ಪದ್ಯವನ್ನ ಎರಡು ಸಲ ಗಟ್ಟಿಯಾಗಿ ಓದು, ಮಕ್ಕಳ ಕೈಲೂ ಓದಿಸು, ಕಠಿಣ ಪದಗಳ ಅರ್ಥ ಬೋರ್ಡಿನ ಮೇಲೆ ಹಾಕು. ಅಲ್ಲಿಗೆ ನಿಲ್ಲಿಸು. ಭಾವಾರ್ಥ ಹೇಳಬೇಡ, ನೀತಿಯನ್ನಂತೂ ಹೇಳಲೇಬೇಡ. ನಿನ್ನ ವಿವರಣೆ ಮೊದಲು ಬಂತೋ, ಮಕ್ಕಳು ಪದ್ಯಕ್ಕೆ ಸ್ಪಂದಿಸೋದಿಲ್ಲ, ನಿನ್ನ ವಿವರಣೆಯನ್ನೇ ಜ್ಞಾಪಕ ಇಟ್ಟುಕೋತಾರೆ.

ಪರೀಕ್ಷೆಯ ಗತಿ ಏನು ಸಾರ್ ಅಂತೀಯ. ಸರಿಯಾದ ಪ್ರಶ್ನೆ. ಆದರೆ ನೋಡು, ಎಸ್‌ಎಸ್‌ಎಲ್‌ಸಿ ಪತ್ರಿಕೆಯಲ್ಲಿ ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ ಅಂತ ಕೇಳ್ತಾರಲ್ಲ, ಅದು ಹುಟ್ಟಿದ್ದೇ ಇದಕ್ಕೆ. ಒಂದು ವಾಕ್ಯ ಕೊಟ್ಟು ಇಲ್ಲಿ ನಿಂತು ನೋಡು ಅನ್ನುತ್ತೆ. ನಾವು ಅದನ್ನ ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಅಂತ ಮೂರು ಖಾನೆ ಮಾಡಿ, ಮೂರನೇ ಖಾನೆಗೆ ‘ಸ್ವಾರಸ್ಯಪೂರ್ಣವಾಗಿ ಅಭಿವ್ಯಕ್ತವಾಗಿದೆ’ ಅಂತ ಮುದ್ರೆ ಒತ್ತಿಸಿದ್ದೀವಿ. ಸ್ವಾರಸ್ಯ ಏನು ಅಂತ ಕೇಳಿದರೆ ಸ್ವಾರಸ್ಯವಾಗಿದೆ ಅನ್ನೋ ಉತ್ತರ! ಕವಿ ಪರಿಚಯದ ಕಥೆನೂ ಅಷ್ಟೇ. ಸ್ಥಳ, ಕಾಲ, ಕೃತಿ, ಪ್ರಶಸ್ತಿ ಎಲ್ಲ ಬಾಯಿಪಾಠ ಆದಮೇಲೆ ಜ್ಞಾನಪೀಠ ಬಂದವರ ಪದ್ಯ ನನಗೆ ಹಿಡಿಸಲಿಲ್ಲ ಅಂತ ಬರೆಯೋ ಧೈರ್ಯ ಹದಿನೈದು ವರ್ಷದ ಮಗುವಿಗೆ ಎಲ್ಲಿಂದ ಬರಬೇಕು? ಕವಿ ಪರಿಚಯ ಕೊನೆಗೆ ಮಾಡು.

ಕೇಂಬ್ರಿಡ್ಜಿನಲ್ಲಿ ಐ.ಎ. ರಿಚರ್ಡ್ಸ್ ಅನ್ನೋ ಮೇಷ್ಟ್ರು ಮಾಡಿದ್ದು ಇದನ್ನೇ. ಕವಿಯ ಹೆಸರು, ಕಾಲ ಎರಡೂ ಅಳಿಸಿ ಹದಿಮೂರು ಪದ್ಯ ವಿದ್ಯಾರ್ಥಿಗಳ ಕೈಗೆ ಕೊಟ್ಟು, ತೋಚಿದ್ದು ಬರೀರಿ ಅಂದರು. ದೊಡ್ಡ ಕವಿಗಳ ಪದ್ಯಕ್ಕೆ ಬೈಗುಳ, ಸಾಧಾರಣ ಪದ್ಯಕ್ಕೆ ಹೊಗಳಿಕೆ ಬಂತು. ಬರೆದವರ ಹೆಸರು ಹಾಕದೆ ಆ ಉತ್ತರಗಳನ್ನೆಲ್ಲ ಸೇರಿಸಿ 1929ರಲ್ಲಿ ಪುಸ್ತಕ ಮಾಡಿದರು. ನಮ್ಮ ಎಂ.ಎ. ತರಗತಿಗಳಲ್ಲಿ ಪ್ರಾಯೋಗಿಕ ವಿಮರ್ಶೆ ಅಂತ ನಡೆಯೋದು ಅದರ ಮರಿಮಗುವೇ. ನನಗೆ ಆ ಪುಸ್ತಕದಲ್ಲಿ ಹಿಡಿಸೋದು ಅವರ ಸಿದ್ಧಾಂತಕ್ಕಿಂತ ಹೆಚ್ಚಾಗಿ ಅವರ ತಾಳ್ಮೆ. ತಪ್ಪು ಓದನ್ನ ಕೆಂಪು ಗೀಟು ಎಳೆದು ಎಸೆಯದೆ, ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಕೂತು ನೋಡಿದ್ದಾರೆ.

ಈಗ ‘ವ್ಯಾಘ್ರಗೀತೆ’ ತಗೋ. ಎ.ಎನ್. ಮೂರ್ತಿರಾಯರ ಪ್ರಬಂಧ. ಹತ್ತನೇ ತರಗತಿಯ ‘ಸಿರಿಕನ್ನಡ’ದಲ್ಲಿ ಎಷ್ಟೋ ಬ್ಯಾಚಿನ ಮಕ್ಕಳು ಓದಿದ ಪಾಠ. ಪರಿಷ್ಕರಣೆ ಅಂತ ಪಾಠಗಳು ಬರ್ತವೆ, ಹೋಗ್ತವೆ. ಇದನ್ನ ಮಾತ್ರ ಪುಸ್ತಕದಲ್ಲಿ ಇದ್ದರೂ ಇಲ್ಲದಿದ್ದರೂ ನಮ್ಮ ಕಡೆ ಮಕ್ಕಳಿಗೆ ಓದಿಸು, ಯಾಕೆಂದರೆ ಆ ಹುಲಿ ಶಾನುಭೋಗರಿಗೆ ಎದುರಾಗೋದು ಮದಲಿಂಗನ ಕಣಿವೆಯಲ್ಲಿ, ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ. ಮಕ್ಕಳಿಗೆ ನಂಟರಿರೋ ಊರುಗಳ ದಾರಿ ಅದು. ಕಣಿವೆಗೆ ಆ ಹೆಸರು ಹೇಗೆ ಬಂತು ಅಂತ ಅಜ್ಜಿಯರನ್ನ ಕೇಳಿಕೊಂಡು ಬರೋಕೆ ಹೇಳು, ಒಬ್ಬೊಬ್ಬ ಅಜ್ಜಿ ಒಂದೊಂದು ಥರ ಹೇಳ್ತಾಳೆ.

ಕಥೆ ನಿನಗೆ ಗೊತ್ತು. ಹುಲಿಗೆ ಹಸಿವು. ಆದರೆ ಅದು ಭರತಖಂಡದ ಹುಲಿ, ಬೆನ್ನ ಹಿಂದಿನಿಂದ ಎರಗೋದು ಧರ್ಮವಲ್ಲ ಅಂತ ತಿಳಿದದ್ದು. ಶಾನುಭೋಗರಿಗೆ ಈ ಗುಟ್ಟು ಹೊಳೆದದ್ದೇ ತಡ, ಹುಲಿ ಮುಂದೆ ಬಂದಂತೆಲ್ಲ ತಿರುಗಿ ತಿರುಗಿ ಬೆನ್ನು ತೋರಿಸ್ತಾರೆ. ಕೊನೆಗೆ ಕೈಯಲ್ಲಿದ್ದ ಖಿರ್ದಿ ಪುಸ್ತಕವೇ ಅಸ್ತ್ರ ಆಗುತ್ತೆ. ಗೈಡಿನಲ್ಲಿ ಇದಕ್ಕೆ ಸಿಗೋದು ಎರಡು ಮಾತು: ಶಾನುಭೋಗರ ಸಮಯಪ್ರಜ್ಞೆ, ಖಿರ್ದಿ ಪುಸ್ತಕದ ಮಹತ್ವ. ಎರಡೂ ಸುಳ್ಳಲ್ಲ. ಆದರೆ ಅದನ್ನ ಬರೆದ ಮಗು ನಗಲೇ ಇಲ್ಲ ಅನ್ನೋದೂ ಅದರಿಂದ ಗೊತ್ತಾಗುತ್ತೆ.

ಬೆರಳಿಡು ಅಂದಾಗ ಮೊದಲು ಬರೋದು ಖಿರ್ದಿ. ಅದೇನು ಅಂತಲೇ ಮಕ್ಕಳಿಗೆ ಗೊತ್ತಿರಲ್ಲ. ಶಾನುಭೋಗಿಕೆ, ಪಟೇಲಿಕೆ ಎಲ್ಲ 1961ರ ಕಾಯ್ದೆಯಲ್ಲಿ ಹೋದವು, ಈ ಮಕ್ಕಳ ಅಪ್ಪಂದಿರೂ ನೋಡಿಲ್ಲ. ಕಂದಾಯದ ಲೆಕ್ಕ ಬರೆಯೋ ದಪ್ಪ ಪುಸ್ತಕ ಅಂತ ಹೇಳು, ಸಾಕು. ಅಷ್ಟಕ್ಕೇ ಯಾರೋ ಒಬ್ಬ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗ್ತಾನೆ: ಕತ್ತಿಯಲ್ಲ, ದೊಣ್ಣೆಯಲ್ಲ, ಲೆಕ್ಕದ ಪುಸ್ತಕದಿಂದ ಹುಲಿಗೆ ಹೊಡೆಯೋದಾ ಅಂತ. ಅವನನ್ನ ಹಿಡ್ಕೋ. ‘ಯಾಕೆ ನಕ್ಕೆ, ಅದನ್ನೇ ಬರಿ’ ಅನ್ನು. ಗದರಿಸೋ ಧ್ವನಿಯಲ್ಲಿ ಅಲ್ಲ.

ಇನ್ನೊಂದು ಮಗು ‘ನಂಗೆ ಹುಲಿನೇ ಪಾಪ ಅನ್ನಿಸ್ತು, ಅದೊಂದೇ ನ್ಯಾಯವಾಗಿ ಇದ್ದಿದ್ದು, ಅದಕ್ಕೇ ಊಟ ಸಿಗಲಿಲ್ಲ’ ಅಂತ ಬರೆಯುತ್ತೆ ಅನ್ನು. ಇದು ಯಾವ ಗೈಡಿನಲ್ಲೂ ಇಲ್ಲ. ನನ್ನ ಕೇಳಿದರೆ ಪ್ರಬಂಧದ ಮರ್ಮ ತಟ್ಟಿರೋದು ಈ ಮಗುವಿಗೆ. ‘ಶಹಬ್ಬಾಸ್’ ಅಂತ ಬರೆದು ಸಹಿ ಹಾಕಿ ಮುಗಿಸಬೇಡ. ಪಕ್ಕದಲ್ಲಿ ಒಂದು ಪ್ರಶ್ನೆ ಬರಿ: ‘ಹುಲಿ ನ್ಯಾಯವಂತ ಅಂತ ಲೇಖಕರು ಯಾವ ಮಾತಿನಲ್ಲಿ ಹೇಳ್ತಾರೆ? ಆ ಮಾತು ಬರೆಯುವಾಗ ಅವರ ಮುಖ ಹೇಗಿತ್ತು ಅನ್ನಿಸುತ್ತೆ?’ ಮಗು ಪುಸ್ತಕಕ್ಕೆ ವಾಪಸ್ ಹೋಗುತ್ತೆ. ಲೇಖಕರು ಗಂಭೀರವಾಗಿ ಹೇಳ್ತಾ ಇಲ್ಲ, ತುಟಿಯಂಚಿನಲ್ಲಿ ನಗ್ತಾ ಇದ್ದಾರೆ ಅನ್ನೋದು ಆಗ ಕಾಣುತ್ತೆ. ಯಾರನ್ನ ನೋಡಿ ನಗ್ತಿದ್ದಾರೆ? ಹುಲಿಯನ್ನೋ, ಶಾನುಭೋಗರನ್ನೋ, ನಮ್ಮ ದೇಶದ ಹುಲಿಗೂ ಧರ್ಮ ಗೊತ್ತು ಅಂತ ಎದೆ ತಟ್ಟಿಕೊಳ್ಳೋ ನಮ್ಮನ್ನೋ? ಗೋವಿನ ಹಾಡಿನ ಹುಲಿ ನೆನಪಾಗದ ಮಗು ನಮ್ಮಲ್ಲಿ ಇಲ್ಲ. ಆ ಹುಲಿಯನ್ನ ಈ ಹುಲಿಯ ಪಕ್ಕ ನಿಲ್ಲಿಸಿದರೆ ಒಂದು ಪುಟ ತಾನಾಗಿ ತುಂಬುತ್ತೆ.

ಮೂರನೆಯವನು ತೋಟದ ಮನೆಯ ಹುಡುಗ ಆಗಿದ್ದರೆ ಒಪ್ಪೋದೇ ಇಲ್ಲ. ‘ನಮ್ಮ ತೋಟದ ಕಡೆ ಬರೋ ಚಿರತೆ ಹಂಗೆಲ್ಲ ಕೇಳ್ಕೊಂಡು ಮೈಮೇಲೆ ಬೀಳಲ್ಲ’ ಅಂತಾನೆ. ಅವನ ಮಾತೂ ಸಾಹಿತ್ಯಕ್ಕೆ ಹೊರಗಿನದಲ್ಲ. ನಿಜವಾದ ಹುಲಿ ಹಿಂದಿನಿಂದಲೇ ಎರಗೋದು. ಬಂಗಾಳದ ಸುಂದರಬನದಲ್ಲಿ 1980ರ ದಶಕದಲ್ಲಿ ಕಾಡಿಗೆ ಹೋಗೋರು ತಲೆಯ ಹಿಂಭಾಗಕ್ಕೆ ಮನುಷ್ಯನ ಮುಖವಾಡ ಕಟ್ಟಿಕೊಂಡು ಹೋಗ್ತಿದ್ದರು, ಹುಲಿಗೆ ಯಾವುದು ಬೆನ್ನು ಅಂತ ಗೊತ್ತಾಗಬಾರದು ಅಂತ. ಅಲ್ಲಿ ಮುಖ ತೋರಿಸಿ ಬದುಕಿದರು, ಇಲ್ಲಿ ಶಾನುಭೋಗರು ಬೆನ್ನು ತೋರಿಸಿ ಬದುಕಿದರು. ಮೂರ್ತಿರಾಯರು ಲೋಕವನ್ನ ಎಷ್ಟು ಚೆನ್ನಾಗಿ ತಲೆಕೆಳಗು ಮಾಡಿದ್ದಾರೆ ಅನ್ನೋದು ಆ ಹುಡುಗನ ತಕರಾರಿನಿಂದಲೇ ತಿಳಿಯೋದು.

ಹಾಗಂತ ಮಗು ತನ್ನ ಮನೆ ಕಥೆ ತಂದದ್ದೆಲ್ಲ ಸ್ಪಂದನೆ ಅಂತ ತಿಳೀಬೇಡ. ಕುವೆಂಪು ಅವರ ‘ಹಸುರು’ ಓದಿಸಿದೆ ಅನ್ನು. ಮಲೆನಾಡಿನ ಕವಿ, ನವರಾತ್ರಿ ಹೊತ್ತಿನ ಗದ್ದೆ. ಆಕಾಶ, ಕಡಲು ಎಲ್ಲ ಹಸುರು, ಕೊನೆಗೆ ವಾಸನೆ, ಸದ್ದು, ಮೈಯೊಳಗಿನ ರಕ್ತವೂ ಹಸುರಾಗೋ ಪದ್ಯ. ನಮ್ಮ ಮಕ್ಕಳ ಹಸುರು ಬೇರೆ. ಕತ್ತೆತ್ತಿದರೆ ಮಾತ್ರ ಹಸುರು, ಕಣ್ಣಿನ ಮಟ್ಟಕ್ಕೆ ಬೂದು ಬಣ್ಣದ ಕಾಂಡ, ಕಾಲ ಕೆಳಗೆ ಒಣಗಿದ ಸೋಗೆ. ‘ಕವಿಗೆ ಹಸುರು ಅಂದ್ರೆ ಸಂತೋಷ, ನಮ್ಮಪ್ಪನಿಗೆ ಹಸುರು ಅಂದ್ರೆ ಬೋರ್‌ವೆಲ್ಲಲ್ಲಿ ಇನ್ನೂ ನೀರಿದೆ ಅಂತ’ ಅನ್ನೋ ವಾಕ್ಯ ಯಾವುದಾದರೂ ಪುಸ್ತಕದಲ್ಲಿ ಕಂಡರೆ ನೀನು ಎದ್ದು ನಿಂತು ಓದಬೇಕು. ಆದರೆ ಮುಂದಿನ ಮೂರು ಪ್ಯಾರಾ ಬೋರ್‌ವೆಲ್ ಕೊರೆಸಿದ ಕಥೆಯೇ ಆಗಿ, ನುಸಿ ರೋಗ, ಕೊಬ್ಬರಿ ರೇಟು ಅಂತ ಹೋಗಿಬಿಟ್ಟರೆ ಪದ್ಯ ದಾರಿಯಲ್ಲೇ ಉಳಿಯಿತು. ಆಗ ಕೇಳು: ‘ನಿಮ್ಮಪ್ಪನ ಹಸುರು ಗೊತ್ತಾಯ್ತು ಮರಿ. ಈ ಕವಿಗೆ ಸದ್ದೂ ಹಸುರು ಅನ್ನಿಸಿದ್ದು ಯಾಕೆ?’ ಮಗು ಒದ್ದಾಡಲಿ. ‘ಕವಿ ಲೆಕ್ಕ ಹಾಕ್ತಾ ಇಲ್ಲ, ಅವನಿಗೆ ತಾನು ಬೇರೆ ಗದ್ದೆ ಬೇರೆ ಅನ್ನೋದೇ ಮರೆತುಹೋಗಿದೆ’ ಅನ್ನೋ ಹತ್ತಿರಕ್ಕೆ ಬಂದರೂ ಗೆದ್ದ ಹಾಗೆ.

ಈ ಅಪಾಯವನ್ನ ನಮ್ಮ ಹಳಬರು ಚೆನ್ನಾಗಿ ಕಂಡಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸಕ್ಕೆ ಅಡ್ಡ ಬರೋ ಏಳು ವಿಘ್ನಗಳನ್ನ ಹೇಳಿದ. ನೋಡುಗ ತನ್ನ ಸ್ವಂತ ಸುಖದುಃಖದಲ್ಲೇ ಮುಳುಗಿಹೋಗೋದು ಅವುಗಳಲ್ಲಿ ಒಂದು. ರಿಚರ್ಡ್ಸ್ ಕೂಡ ತನ್ನ ವಿದ್ಯಾರ್ಥಿಗಳ ತೊಡಕುಗಳನ್ನ ಪಟ್ಟಿ ಮಾಡಿದಾಗ, ಪದ್ಯಕ್ಕೆ ಸಂಬಂಧ ಇಲ್ಲದ ನೆನಪುಗಳು ನುಗ್ಗಿ ಬರೋದನ್ನ ಸೇರಿಸಿದ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಒಂದೇ ಕಡೆ ಬೆರಳಿಟ್ಟಿದ್ದಾರೆ. ರಸದ ವಿಚಾರ ನಿನಗೆ ಕನ್ನಡದಲ್ಲೇ ಬೇಕು ಅಂದರೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ತೆಗಿ, 1953ರ ಪುಸ್ತಕ, ಇನ್ನೂ ಅದನ್ನ ಮೀರಿಸಿದ್ದು ನಾನು ನೋಡಿಲ್ಲ. ತೀ.ನಂ.ಶ್ರೀ. ಹುಟ್ಟಿದ್ದು 1906ರಲ್ಲಿ, ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಮಕ್ಕಳಿಗೆ ಇದನ್ನ ಹೇಳು, ಪರೀಕ್ಷೆಗೆ ಅಂತಲ್ಲ. ಇಷ್ಟು ದೊಡ್ಡ ವಿಚಾರ ಮಾಡಿದೋರು ಬಸ್ಸಿಗೆ ಹೋಗಿ ಬರೋ ದೂರದ ಊರಿನವರು ಅಂತ ಗೊತ್ತಿರಲಿ.

ಇನ್ನು ಸ್ವಲ್ಪ ಜೋಪಾನವಾಗಿ ಹೇಳಬೇಕಾದ ಮಾತು. ಕುಮಾರವ್ಯಾಸನ ಕರ್ಣ–ಕೃಷ್ಣರ ಭಾಗ ಪಾಠಕ್ಕಿದೆ. ಕೃಷ್ಣ ಕರ್ಣನ ಹುಟ್ಟಿನ ಗುಟ್ಟು ಹೇಳೋ ಮುಂಚೆ ಅವನನ್ನ ಕರೆದು ತನ್ನ ಸಮಕ್ಕೆ ಕೂರಿಸಿಕೊಳ್ತಾನೆ. ಕರ್ಣ ಹಿಂಜರೀತಾನೆ. ಗೈಡಿನವರಿಗೆ ಇದು ‘ಕರ್ಣನ ವಿನಯ’. ಆದರೆ ನಮ್ಮ ಹಳ್ಳಿ ಮಕ್ಕಳಿಗೆ ಯಾರು ಯಾರ ಸಮಕ್ಕೆ ಕೂರಬಹುದು, ಯಾರು ಯಾರ ಜಗಲಿ ಹತ್ತಬಹುದು ಅನ್ನೋದು ಪುಸ್ತಕ ನೋಡಿ ಕಲಿಯೋ ಪಾಠ ಅಲ್ಲ. ನಿನ್ನ ತರಗತಿಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು, ಏನೂ ಬರೆಯದೆ ಕೂತಿರೋ ಮಗು ಒಂದಾದರೂ ಇರುತ್ತೆ. ಬಲವಂತ ಮಾಡಬೇಡ. ಬರೆದರೆ, ಅದು ಯಾರ ಜಗಲಿ, ಯಾವ ಬೀದಿ ಅಂತ ಬರೆದಿದ್ದರೆ, ತರಗತಿಯಲ್ಲಿ ಗಟ್ಟಿಯಾಗಿ ಓದಬೇಡ, ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟು ಬರಬೇಡ. ಮಗುವನ್ನ ಕೇಳಿ, ಒಪ್ಪಿದರೆ ಮಾತ್ರ ಇನ್ನೊಬ್ಬರಿಗೆ ತೋರಿಸು. ನಿಜವಾದ ಸ್ಪಂದನೆ ಕೇಳೋದು ಅಂದರೆ ಒಂದು ಗುಟ್ಟು ಕೈಗೆ ತಗೊಂಡ ಹಾಗೆ ಕಣಮ್ಮ, ಅದನ್ನ ಕಾಯೋ ಶಕ್ತಿ ಇಲ್ಲದಿದ್ದರೆ ಗೈಡಿನ ಉತ್ತರವನ್ನೇ ಬರೆಸಿಬಿಡು, ಯಾರಿಗೂ ನೋವಾಗಲ್ಲ. ಅಂಥ ಮಗುವಿಗೂ ಪದ್ಯಕ್ಕೆ ಮರಳೋ ದಾರಿ ಇರಲಿ. ‘ಕೃಷ್ಣ ಪ್ರೀತಿಯಿಂದ ಕೂರಿಸಿಕೊಂಡನೋ, ಕೆಲಸ ಆಗಬೇಕಿತ್ತು ಅಂತ ಕೂರಿಸಿಕೊಂಡನೋ? ಕರ್ಣನಿಗೆ ಯಾವಾಗ ಗೊತ್ತಾಯ್ತು?’ ಅಂತ ಕೇಳಿ ನೋಡು. ಸಮಕ್ಕೆ ಕೂರಿಸೋದರಲ್ಲೂ ಮೋಸ ಇರಬಹುದು ಅಂತ ಕುಮಾರವ್ಯಾಸನಿಗೆ ಗೊತ್ತಿತ್ತು ಅನ್ನೋದು ಆ ಮಗುವಿಗೆ ನಿನಗಿಂತ ಬೇಗ ಹೊಳೆಯುತ್ತೆ.

ಭಾಷೆಯ ವಿಷಯ. ಮೊದಲ ಸಲ ಮನೆ ಮಾತಿನಲ್ಲೇ ಬರೀಲಿ. ‘ಐತೆ’, ‘ಅವ್ನೆ’, ‘ಮಾಡವ್ರೆ’ ಎಲ್ಲ ಬರಲಿ. ಹಕಾರ ಬಿಟ್ಟು ‘ಆಡು’ ಅಂತ ಬರೆದಿದ್ದರೆ ಹಾಡೋ ಆಡೋ ಅಂತ ನಗಬೇಡ, ಆ ಹೊತ್ತಿಗೆ ಕೆಂಪು ಪೆನ್ನು ಡ್ರಾಯರಿನಲ್ಲಿರಲಿ. ವಿಚಾರ ಕಾಗದಕ್ಕೆ ಇಳಿದ ಮೇಲೆ ಎರಡನೇ ಸಲ ಬರೆಯುವಾಗ ಕಾಗುಣಿತ, ವಾಕ್ಯ ಎಲ್ಲ ತಿದ್ದು, ಬಿಗಿಯಾಗಿಯೇ ತಿದ್ದು. ಮೊದಲೇ ತಿದ್ದಿದರೆ ಮಗು ತನಗೆ ಸರಿಯಾಗಿ ಬರೆಯೋಕೆ ಬರೋದನ್ನ ಮಾತ್ರ ಬರೆಯುತ್ತೆ, ಅನ್ನಿಸಿದ್ದನ್ನ ಬರೆಯಲ್ಲ. ಈಗ ಫೋನಿಗೆ ಕೇಳಿದರೆ ಒಂದೂ ತಪ್ಪಿಲ್ಲದ ಉತ್ತರ ಬರುತ್ತಂತೆ. ಬರಲಿ. ಬೆರಳೆಲ್ಲಿಟ್ಟೆ ಅಂತ ಕೇಳು, ಅಲ್ಲೇ ಗೊತ್ತಾಗುತ್ತೆ.

ಸ್ಪಂದನೆ ಯಾವಾಗಲೂ ಪ್ರಬಂಧದ ಥರವೇ ಇರಬೇಕು ಅಂತಿಲ್ಲ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಇಂಗ್ಲಿಷ್ ಪದ್ಯಗಳನ್ನ ಓದಿ ಸುಮ್ಮನಿರಲಾರದೆ ಮಾಡಿದ್ದು ‘ಇಂಗ್ಲಿಷ್ ಗೀತಗಳು’. ರನ್ನನ ಕಾವ್ಯ ಓದಿ, ಇದರೊಳಗೆ ದುರ್ಯೋಧನನ ದುರಂತ ನಾಟಕ ಒಂದು ಅಡಗಿದೆ ಅಂತ ಕಂಡು ‘ಗದಾಯುದ್ಧ ನಾಟಕಂ’ ತೆಗೆದರು. ಗ್ರೀಸಿನ ಸೊಫೊಕ್ಲಿಸ್‌ನ ನಾಟಕ ಓದಿದಾಗ ನಮ್ಮ ಅಶ್ವತ್ಥಾಮ ಕಣ್ಣಿಗೆ ಬಂದ, ‘ಅಶ್ವತ್ಥಾಮನ್’ ಆಯಿತು. ನಿನ್ನ ತರಗತಿಯ ಹುಡುಗಿ ಹಸಿದ ಹುಲಿ ತನ್ನ ಹೆಂಡತಿಗೆ ಬರೆದ ಕಾಗದ ಅಂತ ಬರೆದರೆ, ಅದು ಆಟ ಅಂತ ಪಕ್ಕಕ್ಕೆ ಇಡಬೇಡ. ಪ್ರಬಂಧದಲ್ಲಿ ಇರೋ ಯಾವ ಮಾತನ್ನ ಹಿಡಿದು ಆ ಕಾಗದ ಹುಟ್ಟಿತು ಅಂತ ಮಾತ್ರ ನೋಡು.

ನೀನೂ ಅವರ ಜೊತೆ ಬರಿ. ಮಕ್ಕಳು ಬರೆಯೋ ಹೊತ್ತಲ್ಲಿ ಹಾಜರಿ ಪುಸ್ತಕ ತುಂಬಿಸ್ತಾ ಕೂರಬೇಡ. ಬೋರ್ಡಿನ ಮೇಲೆ ನಿನ್ನ ಆರು ಸಾಲು ಬರಿ, ಅಳಿಸು, ಮತ್ತೆ ಬರಿ. ಮೇಷ್ಟ್ರಿಗೂ ಪದ ಸಿಗದೆ ಒದ್ದಾಟ ಇರುತ್ತೆ ಅನ್ನೋದನ್ನ ಅವರು ನೋಡಲಿ.

ಹೊತ್ತೆಲ್ಲಿದೆ ಅಂತ ಮಾತ್ರ ಹೇಳಬೇಡ. ಪ್ರಥಮ ಭಾಷೆಯ 125 ಅಂಕದಲ್ಲಿ 25 ನಿನ್ನ ಕೈಲೇ ಇದೆ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಅಂತ ಚಾರ್ಟಿಗೆ ಚಿತ್ರ ಅಂಟಿಸೋ ಬದಲು ಇದನ್ನೇ ಮಾಡಿಸು, ಯಾರೂ ಬೇಡ ಅನ್ನಲ್ಲ. ಆದರೆ ಒಂದು ಪೀರಿಯಡ್ಡಿನಲ್ಲಿ ಆಗೋ ಕೆಲಸ ಅಲ್ಲ ಇದು, ಬೆರಳಿಡೋ ಹೊತ್ತಿಗೇ ಗಂಟೆ ಹೊಡೆಯುತ್ತೆ. ಹೆಡ್‌ಮಾಸ್ಟರ ಹತ್ತಿರ ಮಾತಾಡಿ ವಾರಕ್ಕೊಂದು ಸಲ ಎರಡು ಪೀರಿಯಡ್ ಒಟ್ಟಿಗೆ ಸಿಗೋ ಹಾಗೆ ಟೈಮ್‌ಟೇಬಲ್ ಹೊಂದಿಸಿಕೋ. ಗಣಿತದವರು ಬಿಟ್ಟುಕೊಡಲ್ಲ, ವಿಜ್ಞಾನದವರನ್ನ ಕೇಳಿ ನೋಡು. ಆಟದ ಪೀರಿಯಡ್ ಮಾತ್ರ ಮುಟ್ಟಬೇಡ, ಮಕ್ಕಳು ಕುಮಾರವ್ಯಾಸನ ಮೇಲೆ ಸಿಟ್ಟಾಗ್ತಾರೆ.